ಗದ್ದ ಎತ್ತದೆ ಹೋದ ಮಾಸ್ಟ್ರಿಗೆ

ಮಾಸ್ಟ್ರೇ,

ಚೆನ್ನಾಗಿದ್ದೀರಾ ಅಂತ ಕೇಳುವುದಿಲ್ಲ. ಹೋದವರಿಗೆ ಏನಾಗಬೇಕು? ಚೆನ್ನಾಗಿಲ್ಲದವರು ನಾವು. ನೀವು ಹೋದ ಮೇಲೆ ನಿಮ್ಮ ಬಗ್ಗೆ ಯಾರೂ ಒಂದು ಕೆಟ್ಟ ಮಾತು ಆಡಿಲ್ಲ. ಚರ್ಚಿನ ಒಳಗೆ ನಿಮ್ಮ ಫೋಟೊ ಹಾಕಿ, ಪ್ಲಾಸ್ಟಿಕ್ ಹೂವಿನ ಹಾರ ತೊಡಿಸಿ, ಕೆಳಗೆ ‘ಕ್ವಾಯರ್ ಮಾಸ್ಟರ್’ ಅಂತ ಬಂಗಾರದ ಬಣ್ಣದಲ್ಲಿ ಬರೆಸಿದ್ದಾರೆ. ನಿಮ್ಮನ್ನು ಬೈಯುವುದಕ್ಕೆ ಒಬ್ಬರಾದರೂ ಬೇಕಲ್ಲ, ಆ ಕೆಲಸ ನಾನು ವಹಿಸಿಕೊಂಡಿದ್ದೇನೆ. ಬದುಕಿದ್ದಾಗ ನಾನು ಬಾಯಿ ತೆರೆದರೆ “ಹಾಡೋಕ್ಕೆ ತೆಗೀಮ್ಮಾ ಬಾಯಿ, ಮಾತಾಡೋಕ್ಕಲ್ಲ” ಅನ್ನುತ್ತಿದ್ದಿರಿ. ಈಗ ಹಾಗೆ ಅನ್ನಲು ನಿಮ್ಮಿಂದ ಆಗುವುದಿಲ್ಲ, ಕೇಳಿಸಿಕೊಳ್ಳಿ.

ನಿಮ್ಮನ್ನು ಮಣ್ಣು ಮಾಡಿದ ದಿನದಿಂದಲೇ ಶುರು ಮಾಡುತ್ತೇನೆ. ಚಾಂಪಿಯನ್ ರೀಫ್ಸ್‌ನ ನಮ್ಮ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿನ್ನದ ಗಣಿಯ ಆಫೀಸಿನಲ್ಲಿ ನಿಮ್ಮ ಜೊತೆ ಕೆಲಸ ಮಾಡಿದವರು, ಗಣಿ ಕೆಲಸಗಾರರ ಲೈನ್ ಮನೆಗಳವರು, ನಿಮ್ಮ ಹತ್ತಿರ ಹಾಡು ಕಲಿತು ಎಲ್ಲೆಲ್ಲೋ ಸೇರಿಕೊಂಡವರು, ಎಲ್ಲರೂ ಬಂದಿದ್ದರು. ಕ್ವಾಯರಿನ ಹಾಡುಗಾರರು ನಾವು ಬಿಳಿ ಬಟ್ಟೆಯಲ್ಲಿ ನಮ್ಮ ನಮ್ಮ ಜಾಗದಲ್ಲಿ ನಿಂತಿದ್ದೆವು. ಪಾದ್ರಿ ಅಯ್ಯನವರು ಪ್ರಾರ್ಥನೆ ಮುಗಿಸಿ “ಈಗ ಕ್ವಾಯರ್” ಅಂದರು. ನೀವೇ ಕಲಿಸಿದ ಹಾಡು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರುವಂಥದ್ದು. ಒಬ್ಬರೂ ಶುರು ಮಾಡಲಿಲ್ಲ. ಯಾಕೆ ಗೊತ್ತಾ? ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದೆವು, ಪೆಟ್ಟಿಗೆಯಲ್ಲಿ ಮಲಗಿದ್ದ ನಿಮ್ಮನ್ನು. ನೀವು ಗದ್ದ ಎತ್ತಿದರೆ ತಾನೇ ನಾವು ಹಾಡುವುದು? ಆ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿದ್ದರು, ಮಾಸ್ಟ್ರೇ. ನಾವು ಬೆಪ್ಪರ ಹಾಗೆ ಅದನ್ನೇ ನೋಡುತ್ತಾ ನಿಂತಿದ್ದೆವು. ಕೊನೆಗೆ ಹಿಂದಿನ ಬೆಂಚಿನ ಅಜ್ಜಿಯೊಬ್ಬರು ಎಲ್ಲೋ ಮೇಲಿನ ಶ್ರುತಿಯಲ್ಲಿ ಬೇರೆ ಯಾವುದೋ ಹಾಡು ಎತ್ತಿಕೊಂಡರು, ಜನವೆಲ್ಲ ಅವರ ಹಿಂದೆ ಹೋದರು. ನಿಮ್ಮನ್ನು ನಿಮ್ಮದೇ ಕ್ವಾಯರ್ ಹಾಡದೆ ಕಳಿಸಿತು. ದುಃಖಕ್ಕೆ ಎಲ್ಲರ ಗಂಟಲು ಕಟ್ಟಿತು ಅಂತ ಊರಿನವರು ಮಾತಾಡಿಕೊಂಡರು. ನನ್ನ ಗಂಟಲಲ್ಲಿ ಇದ್ದದ್ದು ಸಿಟ್ಟು.

ಶಾಲೆಯ ಹುಡುಗಿಯಾಗಿದ್ದಾಗ ನಾನು ಆ ಗದ್ದವನ್ನು ಮೊದಲ ಸಲ ನೋಡಿದ್ದು. ನೀವು ಆರ್ಗನ್ ಮುಂದೆ ಕೂತಿದ್ದಿರಿ. ಎರಡು ಕೈ ಕೀಗಳ ಮೇಲೆ, ಎರಡು ಕಾಲು ಕೆಳಗೆ ಪೆಡಲ್ ತುಳಿಯುತ್ತಾ. ಸನ್ನೆ ಮಾಡಲು ಉಳಿದಿದ್ದು ತಲೆಯೊಂದೇ. ಗದ್ದ ಮೇಲೆ ಹೋದರೆ ಉಸಿರು ತೆಗೆದುಕೊಳ್ಳಬೇಕು, ಕೆಳಗೆ ಬಂದರೆ ಹಾಡಬೇಕು. ಬಲಕ್ಕೆ ತಿರುಗಿದರೆ ಹೆಂಗಸರು, ಎಡಕ್ಕೆ ತಿರುಗಿದರೆ ಗಂಡಸರು. ಬೇರೆ ಚರ್ಚುಗಳಲ್ಲಿ ಆರ್ಗನ್ ನುಡಿಸುವವರು ಒಬ್ಬರು, ಎದುರಿಗೆ ನಿಂತು ಕೈಯಾಡಿಸಿ ಹಾಡಿಸುವವರು ಇನ್ನೊಬ್ಬರು. ನಮ್ಮಲ್ಲಿ ಎರಡೂ ನೀವೇ. ಇನ್ನೊಬ್ಬರಿಗೆ ಆರ್ಗನ್ ಕಲಿಸಬಾರದಾ ಅಂದರೆ “ಈ ಹಳೇ ಪೆಟ್ಟಿಗೆ ತುಳಿಯೋಕ್ಕೆ ಯಾರ್ಮ್ಮಾ ಬರ್ತಾರೆ” ಅನ್ನುತ್ತಿದ್ದಿರಿ. ಬಂದವರನ್ನು ಕೂರಲು ಬಿಟ್ಟಿರಾ? ಒಂದು ಕೀ ತಪ್ಪು ಒತ್ತಿದರೆ ಸಾಕು, “ಪೋದುಂ, ಪೋದುಂ”, ಸಾಕು ಸಾಕು ಅಂತ ತಮಿಳಿನಲ್ಲಿ ನಿಲ್ಲಿಸಿ ಬೆಂಚಿನಿಂದ ಎಬ್ಬಿಸುತ್ತಿದ್ದಿರಿ. ಎದ್ದವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ.

ನಮ್ಮಪ್ಪನ ಹತ್ತಿರ ನೀವು ಬಂದ ದಿನವೂ ಕಣ್ಣಮುಂದೆ ಇದೆ. ಅಪ್ಪ ಕ್ಯಾಸಂಬಳ್ಳಿ ಕಡೆಯಿಂದ ಸೈಕಲ್ಲಿನಲ್ಲಿ ಲೈನ್ ಮನೆಗಳಿಗೆ ಹಾಲು ತರುತ್ತಿದ್ದರು, ಹಾಲಿನ ಕ್ಯಾನುಗಳ ಜೊತೆ ನನ್ನನ್ನೂ ಕೂರಿಸಿಕೊಂಡು ಬಂದು ಶಾಲೆಗೆ ಬಿಡುತ್ತಿದ್ದರು. ನೀವು ಶಾಲೆಯ ಕಾರ್ಯಕ್ರಮವೊಂದರಲ್ಲಿ ನನ್ನ ದನಿ ಕೇಳಿ, ಮಾರನೆಯ ದಿನ ಲೈನ್ ಮನೆಗಳ ದಾರಿಯಲ್ಲೇ ಅಪ್ಪನ ಸೈಕಲ್ ನಿಲ್ಲಿಸಿ, ನಿಮ್ಮ ಮಗಳನ್ನು ಚರ್ಚಿನ ಕ್ವಾಯರಿಗೆ ಹಾಡೋಕ್ಕೆ ಕಳಿಸ್ತೀರಾ ಅಂತ ಕೇಳಿದಿರಿ. ಮುನೇಶ್ವರನಿಗೆ ಕೈಮುಗಿಯುವ ಮನೆ, ಒಪ್ಪುತ್ತಾರೋ ಇಲ್ಲವೋ ಅಂತ ನೀವು ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಿರಿ. ಅಪ್ಪ ಹಾಲು ಅಳೆಯುತ್ತಲೇ ಅಂದರು: “ಆಡ್ಲಿ ಬುಡಿ ಸಾಮಿ. ಆಲು ಕರಿಯೋವಾಗ್ಲೂ ಆಡ್ತಾಳೆ, ಸಗಣಿ ಬಾಚೋವಾಗ್ಲೂ ಆಡ್ತಾಳೆ. ನಿಮ್ ದೇವ್ರ ಮುಂದೆ ಆಡಿದ್ರೆ ಏನ್ ಓಗ್ತದೆ?” ಅಷ್ಟು ಸಲೀಸಾಗಿ ಮುಗಿದ ಮಾತು ಅದು. ನೀವು ಆವತ್ತೇ ನನ್ನನ್ನು ಆಲ್ಟೊದಲ್ಲಿ, ಅಂದರೆ ಹೆಂಗಸರ ಕೆಳದನಿಯಲ್ಲಿ, ನಿಲ್ಲಿಸಿದಿರಿ. ನೀವು ಹೋಗುವವರೆಗೂ ನಾನು ಅಲ್ಲೇ ಇದ್ದೆ.

ಗಣಿ ಮುಚ್ಚಿದ ಮೇಲೆ ನಮ್ಮ ಕ್ವಾಯರ್ ರೈಲು ಹತ್ತಿತು. ಗಂಡಸರು ಹೆಂಗಸರು ಎಲ್ಲರಿಗೂ ಬೆಂಗಳೂರಿನಲ್ಲಿ ಕೆಲಸ, ಯಾರಿಗೂ ಸಂಜೆ ಅನ್ನುವುದೇ ಉಳಿಯಲಿಲ್ಲ. ನೀವೂ ಅಲ್ಲಿನ ಶಾಲೆಯೊಂದಕ್ಕೆ ಹಾಡು ಕಲಿಸಲು ದಿನಾ ಓಡಾಡಿದಿರಿ. ಆಗ ನೀವೇ ಕಂಡುಕೊಂಡ ದಾರಿ ಅದು, ಬೆಳಗಿನ ಗಾಡಿಯಲ್ಲಿ ಪ್ರಾಕ್ಟೀಸು. ಚಾಂಪಿಯನ್ನಿನಲ್ಲಿ ಹತ್ತಿದರೆ ಬಂಗಾರಪೇಟೆಯಲ್ಲಿ ಜನ ನುಗ್ಗುವವರೆಗೂ ಬೋಗಿ ನಮ್ಮದು. ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದಿದ್ದೆ, ಅಲ್ಲೇ ಒಂದು ಶಾಲೆಯಲ್ಲಿ ಸಂಗೀತದ ಟೀಚರ್. ಮೊದಲ ಗಾಡಿಗೆ ನಿಮ್ಮ ಕಡೆ ಬಂದು, ನಿಮ್ಮ ಜೊತೆ ಹಾಡಿಕೊಂಡು ವಾಪಸ್ಸು ಹೋಗಿ ಶಾಲೆ ಸೇರುತ್ತಿದ್ದೆ. “ಇಳಿಯೋಕ್ಕೇಂತ್ಲೇ ಹತ್ತೋಳು ನೀನೊಬ್ಳೇ” ಅಂತ ನೀವು ನಗುತ್ತಿದ್ದಿರಿ. ರೈಲಿನಲ್ಲಿ ಆರ್ಗನ್ ಇಲ್ಲ. ಆದರೂ ನಿಮ್ಮ ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಊಟದ ಡಬ್ಬಿಗೆ. ಅಲ್ಲೂ ಗದ್ದವೇ. ನೀವು ಗದ್ದ ಎತ್ತಿದರೆ ಕಡಲೆಕಾಯಿ ಮಾರುವವನೂ ಕೂಗುವುದು ನಿಲ್ಲಿಸುತ್ತಿದ್ದ.

ಆ ಬೋಗಿಯನ್ನು ನೆನೆದರೆ ಈಗ ಹೊಟ್ಟೆ ಉರಿಯುತ್ತದೆ. ಎಂಥ ಹಾಡುಗಾರರು ಇದ್ದರು ನಿಮ್ಮ ಕೈಯಲ್ಲಿ! ಅರುಳ್ ಒಬ್ಬ ಸಾಕಲ್ಲ, ಯಾವುದೋ ಕಂಪನಿಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ, ಬೇಸ್, ಅಂದರೆ ಗಂಡಸರ ಕೆಳದನಿ, ಎತ್ತಿದರೆ ಸೀಟಿನ ಹಲಗೆ ಅದುರುತ್ತಿತ್ತು. ಆದರೆ ನೀವು ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ಅವರವರ ದನಿಯನ್ನಷ್ಟೇ ಕಿವಿಯಲ್ಲಿ ಉಸುರಿ, ಬಾಯಿಪಾಠ ಮಾಡಿಸುತ್ತಿದ್ದಿರಿ. ಬೇಸಿನವರಿಗೆ ಆಲ್ಟೊ ಏನು ಹಾಡುತ್ತದೆ ಗೊತ್ತಿಲ್ಲ, ನಮಗೆ ಗಂಡಸರ ಮೇಲ್ದನಿ ಟೆನರ್ ಗೊತ್ತಿಲ್ಲ. ನಾಲ್ಕೂ ಒಟ್ಟಿಗೆ ಗೊತ್ತಿದ್ದದ್ದು ನಿಮ್ಮ ತಲೆಗೆ ಮಾತ್ರ. ನಾನು ಕದ್ದು ಕೇಳಿ ಕೇಳಿ ಎಲ್ಲವನ್ನೂ ಕಲಿತೆ, ಒಂದು ದಿನ ಟೆನರಿನವರು ಎಡವಿದಾಗ ಅವರ ಸಾಲನ್ನು ಹಾಡಿಯೂ ತೋರಿಸಿದೆ. ನೀವು ಖುಷಿಪಡುತ್ತೀರಿ ಅಂದುಕೊಂಡಿದ್ದೆ. ನಿಮ್ಮ ಮುಖ ಗಂಟಾಯಿತು. “ನಿನ್ ಲೈನ್ ನೀನು ನೋಡ್ಕೋಮ್ಮಾ” ಅಂದಿರಿ.

ಬೆಂಗಳೂರಿನ ದೊಡ್ಡ ಚರ್ಚೊಂದು ನಿಮ್ಮನ್ನು ಕರೆದಿತ್ತಲ್ಲ, ಇದ್ದಲ್ಲಿಗೇ ಬಂದು. ಅಲ್ಲಿ ಕೊಳವೆಗಳ ದೊಡ್ಡ ಆರ್ಗನ್ ಇತ್ತು, ನುಡಿಸಲು ಬೇರೆ ಜನ ಇದ್ದರು, ನೀವು ಎದುರಿಗೆ ನಿಂತು ಹಾಡಿಸಿದರೆ ಸಾಕಿತ್ತು. ಅದು ನಿಮ್ಮ ಆಸೆಯೂ ಆಗಿತ್ತು. ನೀವು ಬೇಡ ಅಂದಿರಿ. ಬೇಡ ಅಂದದ್ದನ್ನು ಊರಿಗೆಲ್ಲ ಹೇಳಿಕೊಂಡು ಬಂದಿರಿ, “ನಾನ್ ಹೋಗ್ಬಿಟ್ರೆ ಇವ್ರು ಒಂದ್ ಆಮೆನ್ ಕೂಡ ಹಾಡಲ್ಲ” ಅಂತ. ಎಲ್ಲರೂ ತಲೆದೂಗಿದರು, ಎಂಥ ತ್ಯಾಗ ಅಂದರು. ನಾನೂ ಆಗ ಕಣ್ಣೊರೆಸಿಕೊಂಡಿದ್ದೆ. ಈಗ ಕೇಳುತ್ತೇನೆ, ಅದು ಹೆಮ್ಮೆಪಡುವ ಮಾತಾ, ಮಾಸ್ಟ್ರೇ? ಬದುಕನ್ನೆಲ್ಲ ಸವೆಸಿ ಕಲಿಸಿದ ಮೇಲೆ, ನಾನಿಲ್ಲದಿದ್ದರೆ ಇವರಿಗೆ ಒಂದು ಆಮೆನ್ನೂ ಬರುವುದಿಲ್ಲ ಅಂದರೆ ಏನರ್ಥ? ನೀವು ಕಲಿಸಿದ್ದಾದರೂ...

ನೀವು ಹೋಗಿ ಸ್ವಲ್ಪ ದಿನಕ್ಕೆ ಕಮಿಟಿಯವರು ಒಂದು ಕೀಬೋರ್ಡ್ ತಂದರು. ಅದರೊಳಗೆ ಹಾಡುಗಳನ್ನು ತುಂಬಿಟ್ಟಿರುತ್ತಾರೆ, ಒತ್ತಿದರೆ ತಾನೇ ನುಡಿಯುತ್ತದೆ, ಹಿಂದಿನಿಂದ ಯಾವುದೋ ಊರಿನ ಯಾರದೋ ಕ್ವಾಯರ್ ಹಾಡುತ್ತದೆ. ಸೆಕ್ರೆಟರಿ ಹೊಸ ಮದುವಣಿಗನ ಥರ ಅದರ ಪಕ್ಕ ನಿಂತಿದ್ದರು. “ಒಂದ್ ಬಟನ್ ಅಮುಕಿದ್ರೆ ಆಯ್ತಮ್ಮಾ, ನಾಲ್ಕ್ ವಾಯ್ಸೂ ಬರುತ್ತೆ. ಲೇಟಾಗಿ ಬರಲ್ಲ, ಜಗಳ ಆಡಲ್ಲ, ಕಾಫಿ ಕೇಳಲ್ಲ” ಅಂದರು. ಮೊದಲ ಭಾನುವಾರ ಜನ ಹಾಡಿ ಮುಗಿಸಿ ಕೂತ ಮೇಲೂ ಅದು ಇನ್ನೊಂದು ಚರಣ ಹಾಡುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ, ಪಾದ್ರಿ ಅಯ್ಯನವರು ಬೈಬಲ್ ಹಿಡಿದುಕೊಂಡು ಕಾದರು. ನಮ್ಮ ಕ್ವಾಯರಿನವರು ತಮ್ಮ ತಮ್ಮ ಮನೆಯವರ ಜೊತೆ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಕೂತಿದ್ದರು. ಅರುಳ್ ತಲೆ ಎತ್ತಲೇ ಇಲ್ಲ.

ಆರಾಧನೆ ಮುಗಿದ ಕೂಡಲೇ ನಾನು ಸೆಕ್ರೆಟರಿಯನ್ನು ಹಿಡಿದುಕೊಂಡೆ. ಕ್ವಾಯರನ್ನು ನಾನು ನಡೆಸುತ್ತೇನೆ, ನನಗೆ ನಾಲ್ಕೂ ದನಿ ಬರುತ್ತದೆ, ಆ ಪೆಟ್ಟಿಗೆಗೆ ಬಟ್ಟೆ ಮುಚ್ಚಿಡಿ ಅಂದೆ. ಅವರು ಒಂಥರಾ ನನ್ನನ್ನು ನೋಡಿದರು. “ನೀನ್ ಚೆನ್ನಾಗ್ ಹಾಡ್ತೀಯಮ್ಮಾ, ಯಾರೂ ಇಲ್ಲ ಅನ್ನಲ್ಲ. ಆದ್ರೆ ನಾವೇನ್ ಮಾಡೋದು? ಮಾಸ್ಟ್ರೇ ನಿನ್ನ ಬೇಡ ಅಂದ್ಬಿಟ್ಟು ಹೋದ್ರಲ್ಲ.” ಅಲ್ಲಿಂದ ಸೀದಾ ನಿಮ್ಮ ಮನೆಗೆ ಹೋದೆ.

ಲಿಲ್ಲಿ ಆಂಟಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ನಿಮ್ಮ ಹೆಂಡತಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ನಿಮಗೂ ಗೊತ್ತು. ಕೇಳಿದ ತಕ್ಷಣ ಹೇಳಿಬಿಟ್ಟರು. ನೀವು ಹಾಸಿಗೆ ಹಿಡಿದಾಗ ಪಾದ್ರಿ ಅಯ್ಯನವರು ಬಂದು, ಮುಂದೆ ಕ್ವಾಯರಿಗೆ ಯಾರು ಅಂತ ಕೇಳಿದರಂತೆ. “ಸರೋಜಾಗೆ ಬರುತ್ತೆ ಅಂದ್ರಮ್ಮಾ. ಅವಳ್ಗೆ ಎಲ್ಲಾ ಬರುತ್ತೆ ಅಂದ್ರು. ಆದ್ರೆ ಅವಳ್ನ ಕೇಳ್ಬೇಡಿ, ಅವಳು ನಮ್ ಸಭೆಯೋಳಲ್ಲ, ಅವ್ರ ಮನೇಲಿ ತೊಂದ್ರೆ ಆಗುತ್ತೆ, ಅವಳ ಸ್ಕೂಲಲ್ಲೂ ಮಾತಾಡ್ತಾರೆ ಅಂದ್ರು. ನಿನ್ ಒಳ್ಳೇದಕ್ಕೇ ಅಂದಿದ್ದು ಕಣಮ್ಮಾ, ಬೇಜಾರ್ ಮಾಡ್ಕೋಬೇಡ.” ಅಷ್ಟು ಹೇಳಿ ನನಗೆ ತಿನ್ನಲು ಏನೋ ಕೊಡಲು ಎದ್ದರು.

ಬೇಜಾರಾ? ಮಾಸ್ಟ್ರೇ, ನನಗೆ ಆವತ್ತು ನಿಮ್ಮ ಫೋಟೊದ ಹಾರ ಕಿತ್ತು ಎಸೆಯುವಷ್ಟು ಸಿಟ್ಟು ಬಂತು. ನನ್ನ ಮನೆಯಲ್ಲಿ ತೊಂದರೆ ಆಗುತ್ತದೆ ಅಂತ ನಿಮಗೆ ಯಾರು ಹೇಳಿದರು? ಹಾಲಿನ ಕ್ಯಾನಿನ ಪಕ್ಕ ಕೂರಿಸಿಕೊಂಡು ನನ್ನನ್ನು ನಿಮ್ಮ ಚರ್ಚಿನ ಬಾಗಿಲಿಗೆ ಬಿಟ್ಟವರು ನಮ್ಮಪ್ಪ. ಕ್ರಿಸ್‌ಮಸ್ಸಿಗೆ ನನ್ನ ಬಿಳಿ ಸೀರೆಗೆ ಗಂಜಿ ಹಾಕಿಕೊಡುವವರು ನಮ್ಮತ್ತೆ. ನನ್ನ ಗಂಡ ತರಕಾರಿ ಮಂಡಿಯಲ್ಲಿ ಕೂತು, ನನ್ನ ಹೆಂಡ್ತಿ ಹಾಡೋದು ಕೇಳಿದ್ದೀರಾ ಅಂತ ಗಿರಾಕಿಗಳನ್ನು ಪೀಡಿಸುತ್ತಾರೆ. ಸ್ಕೂಲಿನವರು ಮಾತಾಡಿದರೆ ಉತ್ತರ ಕೊಡಬೇಕಾದವಳು ನಾನು. ಇಷ್ಟು ವರ್ಷ ದಿನಾ ಪಕ್ಕದಲ್ಲಿ ನಿಂತು ಹಾಡಿದವಳನ್ನು ಒಂದು ಮಾತು ಕೇಳಬಾರದಿತ್ತಾ? ಹೌದು ಅನ್ನುತ್ತೇನೋ ಇಲ್ಲ ಅನ್ನುತ್ತೇನೋ, ಅದು ನನ್ನ ಬಾಯಿಂದ ಬರಬೇಕಿತ್ತಲ್ಲವಾ? ಇನ್ನೊಂದು ಅನುಮಾನವೂ ಇದೆ, ಹೇಳಿಬಿಡುತ್ತೇನೆ. ನನ್ನ ಒಳ್ಳೆಯದು ಅನ್ನುವುದು ಅರ್ಧ. ಉಳಿದರ್ಧ ನಿಮ್ಮ ಜಾಗದಲ್ಲಿ ಯಾರನ್ನೂ ನೋಡಲು ನಿಮಗೆ ಆಗುತ್ತಿರಲಿಲ್ಲ, ಸತ್ತ ಮೇಲೂ. ಸುಳ್ಳಾ?

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಫೋನಿನಲ್ಲಿ ಅಪ್ಪನಿಗೂ ಹೇಳಿಕೊಂಡು ಅತ್ತುಬಿಟ್ಟೆ. ಅಪ್ಪನಿಗೆ ಈಗ ಕಿವಿ ಮಂದ, ಎರಡೆರಡು ಸಲ ಹೇಳಿಸಿಕೊಂಡರು. “ಅವ್ರು ಓದ್ರು, ನೀನ್ ಇದ್ದೀಯ. ಆಡೋದಾದ್ರೆ ಓಗಿ ಆಡು, ಇಲ್ಲಾಂದ್ರೆ ಬುಟ್ಬುಡು. ಅಳ್ತಾ ಕುಂತ್ಕಾಬ್ಯಾಡ” ಅಂದರು. ಮಾರನೆಯ ಬೆಳಿಗ್ಗೆ ಮೊದಲ ಗಾಡಿ ಹತ್ತಿ ಚಾಂಪಿಯನ್ನಿಗೆ ಬಂದೆ. ನೀವು ಹೋದ ಮೇಲೆ ನಮ್ಮವರು ಅದೇ ಬೋಗಿಯಲ್ಲಿ ಕೂತು ಫೋನು ನೋಡಿಕೊಂಡು ಹೋಗುತ್ತಿದ್ದರು. ಅರುಳ್ ನನ್ನನ್ನು ಕಂಡು “ಅಕ್ಕಾ, ಎನ್ನಾಚ್ಚು? ಯಾರಿಗಾದ್ರೂ ಏನಾದ್ರೂ ಆಯ್ತಾ?” ಅಂತ ಎದ್ದು ನಿಂತ. ಏನೂ ಆಗಿಲ್ಲ, ಪ್ರಾಕ್ಟೀಸು ಅಂದೆ.

ಆ ಮೊದಲ ಬೆಳಿಗ್ಗೆಯ ಪಾಡು ಕೇಳಬೇಡಿ. ನಾನು ಎದುರಿಗೆ ನಿಂತು, ಬೀಳದ ಹಾಗೆ ಸೀಟಿಗೆ ಸೊಂಟ ಒರಗಿಸಿ, ಎರಡು ಕೈಯೂ ಎತ್ತಿದೆ. ಯಾರೂ ಕೈ ನೋಡಲಿಲ್ಲ, ಎಲ್ಲರ ಕಣ್ಣೂ ನನ್ನ ಗದ್ದದ ಮೇಲೆ! ಮಾತಾಡಲು ಬಾಯಿ ತೆರೆದರೆ ಸಾಕು, ಹೆಂಗಸರ ಮೇಲ್ದನಿಯ ಸೊಪ್ರಾನೊದವರು ಹಾಡಲು ಶುರು ಮಾಡುತ್ತಿದ್ದರು. ಕೊನೆಗೆ ಸೆರಗನ್ನು ಮೂಗಿನವರೆಗೂ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟು ನಿಂತೆ. ಟಿಕೆಟ್ ಕೇಳಲು ಬಂದವರು ಒಂದು ಕ್ಷಣ ಹಿಂದೆ ಸರಿದರು. ಆಮೇಲೆ ನೀವು ಮಾಡದೆ ಬಿಟ್ಟ ಕೆಲಸ ಹಿಡಿದೆ. ಬೇಸಿನವರಿಗೆ ಆಲ್ಟೊ, ಟೆನರ್ ಎರಡೂ ಕಲಿಸಿದೆ, ಟೆನರಿನವರಿಗೆ ಸೊಪ್ರಾನೊ. ಅರುಳ್ ತೆಳುದನಿಯಲ್ಲಿ ಹೆಂಗಸರ ಸಾಲು ಹಾಡಿದಾಗ ಬೋಗಿಯೆಲ್ಲ ನಕ್ಕಿತು, ಅವನೂ ನಕ್ಕ, ಆದರೆ ಕಲಿತ. “ಅಕ್ಕಾ, ಇಷ್ಟ್ ವರ್ಷ ನಮ್ಮ ಮೇಲೆ ನೀವು ಇದನ್ನಾ ಹಾಡ್ತಿದ್ದಿದ್ದು? ಮಾಸ್ಟ್ರು ಒಂದಿನಾನೂ ಹೇಳ್ಲಿಲ್ಲ ನೋಡಿ” ಅಂದ. ಇನ್ನೊಂದು ಸಲ ಹಾಡು ಅಂದೆ.

ಈ ನಡುವೆ ಗುಡ್ ಫ್ರೈಡೇ ಬಂತು. ಆ ದಿನ ನಮ್ಮ ಚರ್ಚಿನಲ್ಲಿ ಯಾವ ವಾದ್ಯವನ್ನೂ ಮುಟ್ಟುವಂತಿಲ್ಲ, ಬರೀ ದನಿಯಲ್ಲೇ ಹಾಡಬೇಕು. ಹಿಂದಿನಿಂದ ಬಂದ ಪದ್ಧತಿ, ಮುರಿಯಲು ಯಾರಿಗೂ ಧೈರ್ಯವಿಲ್ಲ. ಕೀಬೋರ್ಡಿನ ಪಕ್ಕ ನಿಂತಿದ್ದ ಅದೇ ಸೆಕ್ರೆಟರಿ ಬಂಗಾರಪೇಟೆಗೆ ನನ್ನ ಮನೆಗೆ ಬಂದರು. ಅತ್ತೆ ಕೊಟ್ಟ ಕಾಫಿ ಕುಡಿದು, ನೆಲ ನೋಡುತ್ತಾ “ಈ ಒಂದ್ ಸಲ ನಡೆಸ್ಕೊಡಮ್ಮಾ” ಅಂದರು. ನಿಮ್ಮ ಮಾಸ್ಟ್ರು ಬೇಡ ಅಂದಿದ್ದಾರಲ್ಲ ಅಂದೆ, ಬಿಡಲಿಲ್ಲ ನಾನು. ಪಾದ್ರಿ ಅಯ್ಯನವರೇ ಫೋನ್ ಮಾಡಿದರು. “ಮಾಸ್ಟ್ರ ಮಾತು ಕೇಳಿ ನಿನ್ನ ಕೇಳದೆ ಇದ್ದದ್ದು ನಮ್ಮ ತಪ್ಪಮ್ಮಾ. ಈಗ ಕೇಳ್ತಾ ಇದ್ದೀನಿ. ನಿಂಗೆ ಇಷ್ಟ ಇದ್ಯಾ?” ಅಂದರು. ನೋಡಿ, ಅಷ್ಟೇ ಮಾತು. ಅಷ್ಟು ಸುಲಭದ್ದು.

ನಾನು ಜನಕ್ಕೆ ಬೆನ್ನು ಹಾಕಿ, ಕ್ವಾಯರಿಗೆ ಎದುರಾಗಿ ನಿಂತೆ. ಆರ್ಗನ್ ಮುಚ್ಚಿತ್ತು. ಕೈ ಎತ್ತಿದೆ, ಅವರು ಉಸಿರು ತೆಗೆದುಕೊಂಡರು, ಇಳಿಸಿದೆ, ಹಾಡಿದರು. ಎರಡನೆಯ ಚರಣದಲ್ಲಿ ಟೆನರ್ ಸ್ವಲ್ಪ ಇಳಿಯಿತು, ಆಗ ಅರುಳ್ ಅವರ ಕಡೆ ವಾಲಿ, ಅವರ ಸಾಲನ್ನೇ ಮೆಲ್ಲಗೆ ಹಾಡಿ ಎತ್ತಿ ನಿಲ್ಲಿಸಿ, ಮತ್ತೆ ತನ್ನ ಬೇಸಿಗೆ ಹೋದ. ನಾನು ಹೇಳಿರಲಿಲ್ಲ. ಅವನಿಗೇ ಕೇಳಿಸಿತ್ತು. ಎಷ್ಟು ಚೆನ್ನಾಗಿತ್ತು ಗೊತ್ತಾ, ಮಾಸ್ಟ್ರೇ? ಲಿಲ್ಲಿ ಆಂಟಿ ಮುಂದಿನ ಬೆಂಚಿನಲ್ಲಿ ಬಿಕ್ಕುವುದು ನನ್ನ ಬೆನ್ನಿಗೆ ಕೇಳುತ್ತಿತ್ತು. ನನಗೆ ಅಳು ಬರಲಿಲ್ಲ, ಮತ್ತೆ ಸಿಟ್ಟೇ ಬಂತು. ಇದನ್ನು ನೀವು ಕೇಳಬಹುದಿತ್ತು. ಬೆಂಚಿನಲ್ಲಿ ಆಂಟಿಯ ಪಕ್ಕ ಕೂತು, ಕಣ್ಣು ಮುಚ್ಚಿಕೊಂಡು, ನಿಮ್ಮದೇ ಕೆಲಸವನ್ನು ಒಂದೇ ಒಂದು ಸಲ ಹೊರಗಿನಿಂದ... ನಿಮಗೆ ಆ ಸುಖ ಸಿಗಲೇ ಇಲ್ಲ. ನೀವೇ ಬಿಟ್ಟುಕೊಡಲಿಲ್ಲ.

ಈಗ ಕ್ವಾಯರ್ ನನ್ನದು, ಕಮಿಟಿಯೇ ಒಪ್ಪಿದೆ. ನಿಮ್ಮ ಮೇಲಿನ ಪ್ರೀತಿ ಕಮ್ಮಿಯಾಗಿಲ್ಲ, ಅದೇ ನನ್ನ ಕಷ್ಟ. ಕಮ್ಮಿಯಾಗಿದ್ದರೆ ಇಷ್ಟುದ್ದ ಯಾಕೆ ಬೈಯುತ್ತಿದ್ದೆ? ಒಂದು ಸುದ್ದಿ ಹೇಳಿ ಮುಗಿಸುತ್ತೇನೆ. ಬರುವ ಭಾನುವಾರ ನಾನು ಚರ್ಚಿಗೆ ಹೋಗುತ್ತಿಲ್ಲ. ಮೈಗೆ ಹುಷಾರಿಲ್ಲ ಅಂತಲ್ಲ, ಮನೆಯಲ್ಲಿ ಕೆಲಸವೂ ಇಲ್ಲ. ಬೇಕಂತಲೇ ಹೋಗುತ್ತಿಲ್ಲ. ಅಪ್ಪನ ಮನೆಗೆ ಹೋಗಿ ಹಸುಗಳಿಗೆ ಹುಲ್ಲು ಹಾಕಿಕೊಂಡು ಇರುತ್ತೇನೆ. ಚರ್ಚಿನಲ್ಲಿ ಕ್ವಾಯರಿನವರು ಅವರೇ ನಿಲ್ಲುತ್ತಾರೆ, ಅವರೇ ಒಬ್ಬರನ್ನೊಬ್ಬರು ನೋಡಿಕೊಂಡು ಉಸಿರು ತೆಗೆದುಕೊಳ್ಳುತ್ತಾರೆ, ಅವರೇ ಹಾಡುತ್ತಾರೆ. ಕೆಡಬಹುದು. ಕೆಡಲಿ, ಸೋಮವಾರ ಗಾಡಿಯಲ್ಲಿ ಬೈಯುತ್ತೇನೆ. ಹೇಳಿದಾಗ ಅರುಳ್ ಹೆದರಿಬಿಟ್ಟ, “ಅಕ್ಕಾ, ನೀವ್ ಇಲ್ದೆ ಹೆಂಗಕ್ಕಾ?” ಅಂತ ಕೇಳಿದ. ನಾನು ಇಲ್ಲದೆ ಹೇಗೆ ಅಂತ ನಾನು ಇರುವಾಗಲೇ ಗೊತ್ತಾಗಲಿ ಅಂದೆ.

ಇನ್ನೂ ಸಿಟ್ಟಿನಲ್ಲೇ,
ಸರೋಜಾ